ಹುಡುಗರನ್ನು ಬಯಲಿಗೆ ಕಳಿಸಬೇಡಿ



ಹೋದ ತಿಂಗಳು ನಂಜನಗೂಡು ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಒಳಗೆ ಹೆಣ್ಣುಮಕ್ಕಳಿಗೆ ಹದಿಹರೆಯದ ಆರೋಗ್ಯದ ಕಾರ್ಯಕ್ರಮ ನಡೆಯುತ್ತಿತ್ತು, ಬಾಗಿಲು ಎಳೆದುಕೊಂಡಿದ್ದರು. ಹುಡುಗರೆಲ್ಲ ಬಯಲಲ್ಲಿ ಕಬಡ್ಡಿ ಆಡುತ್ತಿದ್ದರು. ‘ಒಳಗೇನ್ರಪ್ಪ ನಡೀತಿರೋದು?’ ಅಂದೆ. ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ ‘ಅದು ಹೆಣ್ಮಕ್ಕಳ ವಿಷ್ಯ ಸಾರ್’ ಅಂದ.

ಬೈಯಲು ನನಗೂ ಬಾಯಿಲ್ಲ. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಇಂಥ ದಿನಗಳಲ್ಲಿ ಸೀಟಿ ಕಚ್ಚಿಕೊಂಡು ಅದೇ ಬಯಲಲ್ಲಿ ನಿಂತಿರುತ್ತಿದ್ದೆ. ಹತ್ತನೇ ತರಗತಿಯ ಸಂತಾನೋತ್ಪತ್ತಿಯ ಪಾಠದಲ್ಲಿ ಹೂವಿನ ನೀಳಛೇದವನ್ನು ಬಣ್ಣದ ಸೀಮೆಸುಣ್ಣದಲ್ಲಿ ಚೆಂದವಾಗಿ ಬಿಡಿಸಿ, ಮನುಷ್ಯರ ಭಾಗ ಬಂದ ಕೂಡಲೇ ‘ಇದನ್ನ ಮನೇಲಿ ಓದ್ಕೊಳ್ಳಿ’ ಎಂದು ಪುಟ ಮಗುಚಿದವನು ನಾನು. ಕಾಂಡೋಮ್, ಕಾಪರ್-ಟಿ, ಗೊನೋರಿಯಾ, ಎಚ್‌ಐವಿ ಎಲ್ಲ ಸರ್ಕಾರವೇ ಅಚ್ಚು ಹಾಕಿಸಿ ಕೊಟ್ಟ ಆ ಪುಟಗಳಲ್ಲೇ ಇವೆ.

ನಿವೃತ್ತಿಗೆ ಎರಡು ವರ್ಷವಿದ್ದಾಗ ನಾಚಿಕೆ ಬಿಟ್ಟು, ಸೀಮೆಸುಣ್ಣದ ಖಾಲಿ ಡಬ್ಬಕ್ಕೆ ಒಂದು ಸೀಳು ಮಾಡಿ ತರಗತಿಯಲ್ಲಿಟ್ಟೆ. ಹೆಸರು ಬೇಡ, ಪ್ರಶ್ನೆ ಬರೆದು ಹಾಕಿ ಅಂದೆ. ಮೊದಲ ವಾರ ಸಿಕ್ಕಿದ್ದು ಎರಡು ಚಾಕೊಲೇಟ್ ಕಾಗದ. ಆಮೇಲೆ ಚೀಟಿ ಬರತೊಡಗಿದವು. ‘ನಿದ್ದೇಲಿ ಆಗೋದು ಕಾಯಿಲೇನಾ ಸಾರ್? ಬಸ್‌ಸ್ಟ್ಯಾಂಡ್ ಗೋಡೇಲಿರೋ ನಂಬರಿಗೆ ಫೋನ್ ಮಾಡಿದ್ರೆ ಮೂರು ಸಾವಿರ ಕೇಳ್ತಾರೆ.’ ಇನ್ನೊಂದು ಚೀಟಿಯನ್ನು ಮರೆಯಲಾಗಿಲ್ಲ: ‘ಹುಡುಗಿ ಏನೂ ಹೇಳ್ದೆ ತಲೆ ತಗ್ಸಿದ್ರೆ ಒಪ್ಕೊಂಡ್ಲು ಅಂತ ತಾನೆ?’ ದುಂಡಗಿನ ಅಕ್ಷರ, ಒಂದು ಕಾಗುಣಿತದ ತಪ್ಪೂ ಇಲ್ಲ. ಪುಂಡ ಹುಡುಗ ಬರೆದದ್ದಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ಅವನ ಕಿವಿಗೆ ಹಾಕಿದವರು ನಾವೇ. ಹಿಂದೆ ಬಿದ್ದು ಕಾಡಿದರೆ ಹುಡುಗಿ ಕೊನೆಗೆ ಒಲಿಯುತ್ತಾಳೆ ಅಂತ ಸಿನಿಮಾ ತೋರಿಸಿದೆ. ಬೇಡ ಅಂದರೆ ಬೇಡ, ಸುಮ್ಮನಿದ್ದರೂ ಹ್ಞೂಂ ಅಂದಂತಲ್ಲ ಎಂದು ಅವನಿಗೆ ಯಾರು ಹೇಳಬೇಕು? ಒಳಗೆ ಕೂತ ಹುಡುಗಿಗೆ ‘ಹುಷಾರಾಗಿರಮ್ಮ’ ಅನ್ನುವುದು, ಇವನನ್ನು ಕಬಡ್ಡಿಗೆ ಬಿಡುವುದು, ಇದ್ಯಾವ ನ್ಯಾಯ?

ಕಾನೂನು ಅವನನ್ನು ಹಾಗೆ ಬಿಡುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದ ಹುಡುಗಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ. 2019ರ ತಿದ್ದುಪಡಿಯ ನಂತರ, ಸಂಭೋಗ ಸಾಬೀತಾದರೆ ಕನಿಷ್ಠ ಶಿಕ್ಷೆಯೇ 10 ವರ್ಷ. ಹುಡುಗಿಗೆ 16 ಆಗಿರದಿದ್ದರೆ 20. ತಾಂಡವಪುರದ ಕಾರ್ಖಾನೆಗೆ ಹೋಗುವ 19ರ ಹುಡುಗ, ಪಿಯುಸಿ ಓದುವ 17ರ ಹುಡುಗಿ ಬಸ್ಸಿನಲ್ಲಿ ಪರಿಚಯವಾಗಿ ಮನೆ ಬಿಟ್ಟರೆ ಊರು ‘ಓಡೋದ್ರು’ ಅನ್ನುತ್ತದೆ, ಠಾಣೆ ಪೋಕ್ಸೊ ಹಾಕುತ್ತದೆ. 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಇಂಥದೇ ಒಂದು ಪ್ರಕರಣದಲ್ಲಿ, 9ನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯನ್ನು ತಿಳಿಸುವ ಪಠ್ಯ ಸಿದ್ಧಪಡಿಸುವಂತೆ ಶಿಕ್ಷಣ ಇಲಾಖೆಗೆ ಸೂಚಿಸಿತು. ಮರುವರ್ಷ ಕಾನೂನು ಆಯೋಗ ಒಪ್ಪಿಗೆಯ ವಯಸ್ಸನ್ನು 18ರಿಂದ ಇಳಿಸುವುದು ಬೇಡ ಎಂದಿತು. ಹಾಗಿದ್ದ ಮೇಲೆ ಆ 18ರ ಲೆಕ್ಕ ಹುಡುಗರಿಗೆ ಠಾಣೆಯಲ್ಲೇ ಗೊತ್ತಾಗಬೇಕೆ?

ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಟ್ಟುಹೋಗುತ್ತಾರೆ ಎಂಬ ಮಾತನ್ನು 2007ರಲ್ಲೂ ಕೇಳಿದ್ದೆ. ಆಗ ರಾಜ್ಯ ಸರ್ಕಾರ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನೇ ನಿಲ್ಲಿಸಿತು. ಹುಡುಗರ ಕೈಗೆ ಸ್ಮಾರ್ಟ್‌ಫೋನ್ ಬಾರದಿದ್ದ ಕಾಲ ಅದು. ಈಗಲೂ ಅದನ್ನೇ ಹೇಳುವ ಅಪ್ಪಂದಿರು ರಾತ್ರಿ ಹನ್ನೊಂದಕ್ಕೆ ಮಗನ ಹೊದಿಕೆಯೊಳಗಿನ ಬೆಳಕನ್ನು ಕಂಡಿಲ್ಲವೆಂದು ಕಾಣುತ್ತದೆ.

8ರಿಂದ 12ನೇ ತರಗತಿವರೆಗೆ ಲೈಂಗಿಕ ಶಿಕ್ಷಣ ತರುವುದಾಗಿ ಸಚಿವ ಮಧು ಬಂಗಾರಪ್ಪನವರು 2025ರಲ್ಲಿ ಹೇಳಿದ್ದರು. ಸಂತೋಷ. ಆದರೆ ಡಾಕ್ಟರು ಬಂದು, ಭಾಷಣ ಮಾಡಿ, ಶಾಲು ಹೊದಿಸಿಕೊಂಡು ಹೋದರೆ ಡಬ್ಬಕ್ಕೆ ಚೀಟಿ ಬೀಳುವುದಿಲ್ಲ. ದಿನಾ ಮುಖ ನೋಡುವ ಮೇಷ್ಟ್ರೇ ಬಾಯಿ ಬಿಡಬೇಕು, ಅವರಿಗೆ ತರಬೇತಿ ಕೊಡಬೇಕು. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರುವುದು 10ರಿಂದ 19 ವರ್ಷದ ಗಂಡುಮಕ್ಕಳಿಗೂ. ಅದನ್ನು ಶಾಲೆಯ ಗೋಡೆಯ ಮೇಲೆ ಬರೆಸಿದರೆ ಬಸ್‌ಸ್ಟ್ಯಾಂಡಿನ ಗೋಡೆಗೆ ಗಿರಾಕಿ ಕಡಿಮೆಯಾದಾರು.

ಎರಡೂ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮುಂದಿನ ಕಾರ್ಯಕ್ರಮಕ್ಕೆ ಹುಡುಗರನ್ನೂ ಒಳಗೆ ಕೂರಿಸಲು ಸುತ್ತೋಲೆ ಕಳಿಸಲಿ. ಒಟ್ಟಿಗೆ ಕೂರಿಸಲು ಮುಜುಗರವಾದರೆ ಬೇರೆ ಕೋಣೆಯಾದರೂ ಸರಿ. ಮಾತಾಡಲು ಮೇಷ್ಟ್ರು ಸಿಗದಿದ್ದರೆ ನಾನು ಬರುತ್ತೇನೆ. ಗಂಡಸರಿಗೆ ಬಸ್ಸು ಫ್ರೀ ಇಲ್ಲ, ಟಿಕೆಟ್ಟು ನಾನೇ ತೆಗೆದುಕೊಳ್ಳುತ್ತೇನೆ.

— ನಿವೃತ್ತ ವಿಜ್ಞಾನ ಶಿಕ್ಷಕ, ನಂಜನಗೂಡು