ನೀಲಿ ಗುರುತು

ಚನ್ನರಾಯಪಟ್ಟಣದ ಸೀಮೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಜನರು ಅಂಚೆಯವನ ದಾರಿ ಕಾಯುತ್ತಿದ್ದರು. 1879ರಲ್ಲಿ ಭಾರತಕ್ಕೆ ಬಂದ ಅಂಚೆಕಾರ್ಡಿನಲ್ಲಿ ಕ್ಷೇಮ ಸಮಾಚಾರ ಬರೆದು ಹಾಕಿದವರು ಉತ್ತರಕ್ಕಾಗಿ ವಾರಗಟ್ಟಲೆ ತಾಳ್ಮೆಯಿಂದಿರುತ್ತಿದ್ದರು. ಇಂದು ಬೆಂಗಳೂರಿನಲ್ಲಿರುವ ಮಗನಿಗೆ ವಾಟ್ಸಾಪಿನಲ್ಲಿ ಸಂದೇಶ ಕಳುಹಿಸಿದ ತಾಯಿ ಅರ್ಧ ಗಂಟೆಯಲ್ಲಿಯೇ ಕಳವಳಗೊಳ್ಳುತ್ತಾಳೆ. ಗುರುತುಗಳು ಹೇಳದಿರುವುದನ್ನೂ ನಾವು ಅವುಗಳಲ್ಲಿ ಓದುವುದೇ ಈ ಕಳವಳಕ್ಕೆ ಕಾರಣ.

ಒಂದು ಬೂದು ಗುರುತು ಸಂದೇಶವು ಹೊರಟಿತೆಂದು ಮಾತ್ರ ತಿಳಿಸುತ್ತದೆ. ಪಡೆಯುವವರ ಫೋನು ಆರಿರಬಹುದು; ತೆಂಗಿನ ತೋಟದ ನಡುವೆ ಅವರಿಗೆ ಸಂಪರ್ಕ ಸಿಗದಿರಬಹುದು. ಎರಡು ಬೂದು ಗುರುತುಗಳು ಅದು ಫೋನನ್ನು ಮುಟ್ಟಿತೆನ್ನುತ್ತವೆ. 2014ರಲ್ಲಿ ಬಂದ ನೀಲಿ ಬಣ್ಣವು ಸಂದೇಶವನ್ನು ತೆರೆದು ನೋಡಿದುದನ್ನು ಸೂಚಿಸುತ್ತದೆ. ಬೇಡವೆನಿಸಿದವರು ಈ ನೀಲಿಯನ್ನು ಮರೆಮಾಡಲೂಬಹುದು. ಆಗ ಇತರರು ಓದಿದ್ದು ಅವರಿಗೂ ಕಾಣದು.

ರಿಜಿಸ್ಟರ್ ಅಂಚೆಯ ಸ್ವೀಕೃತಿ ಚೀಟಿಯು ಕಾಗದ ತಲುಪಿದುದನ್ನು ಹೇಳುತ್ತಿತ್ತೇ ಹೊರತು ಪಡೆದವನ ಮನಸ್ಸನ್ನಲ್ಲ. ನೀಲಿ ಗುರುತೂ ಅಷ್ಟೆ. ಓದಿದವನು ಬಸ್ಸಿನ ನೂಕುನುಗ್ಗಲಿನಲ್ಲಿರಬಹುದು. ತಕ್ಕ ಮಾತಿಗಾಗಿ ಯೋಚಿಸುತ್ತಿರಬಹುದು. ಅದನ್ನು ಅನಾದರವೆಂದು ಬಗೆದು ಸ್ನೇಹವನ್ನು ಕಡಿದುಕೊಳ್ಳುವುದು ಅವಿವೇಕ. ಹಾಗೆಂದು ಪಡೆದವನ ಹೊಣೆಯೂ ತೀರದು. ‘ಸಂಜೆ ಬರೆಯುತ್ತೇನೆ’ ಎಂಬ ಎರಡು ಮಾತು ತಾಯಿಯ ಕಳವಳವನ್ನು ನೀಗುತ್ತದೆ. ತುರ್ತಿದ್ದರೆ ಕರೆಮಾಡಬೇಕು, ಇಲ್ಲವಾದರೆ ಕಾಯಬೇಕು. ತಾಳಿದವನು ಬಾಳಿಯಾನು ಎಂಬ ಹಿರಿಯರ ಮಾತು ಈ ವೇಗದ ಕಾಲಕ್ಕೂ ಸಲ್ಲುತ್ತದೆ.