ಕಾಫಿಯ ಹೂಮಳೆ

ಬೆಳಗಿನ ಕಾಫಿಯ ಲೋಟವನ್ನು ಕೈಗೆತ್ತಿಕೊಂಡು, ಡಿಕಾಕ್ಷನ್ ತೆಳುವಾಯಿತೆಂದು ಮನೆಯವರೊಡನೆ ತಕರಾರು ಹೂಡುವ ನಾವು, ಮಾಘ ಕಳೆದು ಫಾಲ್ಗುಣ ಬಂದಾಗ ಕೊಡಗಿನಲ್ಲಿ ಮಳೆ ಬಿತ್ತೇ ಎಂದು ಎಂದಾದರೂ ವಿಚಾರಿಸಿದ್ದೇವೆಯೆ? ಆ ಲೋಟದ ಹಣೆಬರಹ ನಿಶ್ಚಯವಾಗುವುದು ಆ ಮಳೆಯಲ್ಲಿಯೇ.

ತೋಟಗಾರರು ಅದನ್ನು ಹೂಮಳೆ ಎನ್ನುತ್ತಾರೆ. ಚಳಿಗಾಲದ ಒಣಹವೆಯಲ್ಲಿ ರೋಬಸ್ಟಾ ಗಿಡದ ಗೆಣ್ಣುಗೆಣ್ಣಿಗೂ ಮೊಗ್ಗು ಕಟ್ಟಿ ನಿದ್ರಿಸುತ್ತಿರುತ್ತದೆ. ಫೆಬ್ರವರಿ ಮಾರ್ಚಿಗಳಲ್ಲಿ ಒಂದು, ಒಂದೂವರೆ ಅಂಗುಲ ಮಳೆ ಬಿದ್ದರೆ ಸಾಕು. ವಾರ ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ನೆನಪಿಗೆ ತರುವ ಆ ಪರಿಮಳ ದಾರಿಯಲ್ಲಿ ಹೋಗುವ ಬಸ್ಸಿನೊಳಕ್ಕೂ ನುಗ್ಗುತ್ತದೆ. ಬಿದ್ದದ್ದು ನಾಲ್ಕು ಹನಿಯಾದರೆ ಮೊಗ್ಗು ಅರೆಬಿರಿದು ನಿಲ್ಲುತ್ತದೆ, ಕಾಯಾಗುವುದಿಲ್ಲ. ಮಳೆ ತಡವಾಗಿ ಸೆಕೆ ಏರಿತೆಂದರೆ ಕಾದು ಕುಳಿತ ಮೊಗ್ಗೂ ಕಮರುತ್ತದೆ. ಅರಳಿದ ದಿನವೇ ಮಳೆ ಹೊಡೆದರೂ ಕೇಡೇ. ರೋಬಸ್ಟಾ ತನ್ನ ಪರಾಗದಿಂದ ತಾನೇ ಫಲಿಸತಕ್ಕ ಗಿಡವಲ್ಲ, ನೆರೆಗಿಡದ ಪರಾಗವನ್ನು ಗಾಳಿಯೋ ಜೇನೋ ತಂದುಕೊಡಬೇಕು. ಇಷ್ಟೆಲ್ಲ ಕೂಡಿಬಂದ ಮೇಲೂ ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ ಬಾರದಿದ್ದರೆ ಮಿಡಿಗಳು ಬಿಸಿಲಿಗೆ ಒಣಗುತ್ತವೆ.

ಆದುದರಿಂದ ವರ್ಷದ ಒಟ್ಟು ಲೆಕ್ಕ ನೋಡಿ ‘ಈ ಸಲ ಮಳೆ ಚೆನ್ನಾಯಿತು’ ಎನ್ನುವ ಪೇಟೆಯವರ ಮಾತು ತೋಟಗಾರನಿಗೆ ನಗು ತರಿಸೀತು. ನೂರು ಅಂಗುಲ ಸುರಿದರೂ ಮಾರ್ಚಿಯ ಆ ಒಂದಂಗುಲದ ಸಾಲ ತೀರದು. ೨೦೧೮ರ ಆಗಸ್ಟಿನಲ್ಲಿ ಕೊಡಗಿಗೆ ಮಳೆಯ ಕೊರತೆಯಿತ್ತೆ? ಗುಡ್ಡಗಳೇ ಜರಿದು ತೋಟಗಳನ್ನು ಎಳೆದುಕೊಂಡು ಹೋದವು. ನಿಂತ ಗಿಡಗಳಲ್ಲಿಯೂ ಕಾಯಿ ಉದುರಿತು, ಕೊಳೆರೋಗ ತಗಲಿತು. (ಈ ‘ಕೊಳೆರೋಗ’ವೆಂಬ ಕನ್ನಡದ ಮಾತು ಆ ಶಿಲೀಂಧ್ರದ ಶಾಸ್ತ್ರೀಯ ನಾಮಧೇಯದೊಳಗೂ ಸೇರಿಕೊಂಡಿತು. ಹೆಮ್ಮೆಪಡತಕ್ಕ ಸಂಗತಿಯೋ ಅಲ್ಲವೋ, ವಾಚಕರೇ ಹೇಳಲಿ.) ೨೦೨೧ರ ಜನವರಿಯಲ್ಲಿ ಅಕಾಲದ ಮಳೆ ಸುರಿದು ಕಣದಲ್ಲಿ ಹರಡಿದ ಹಣ್ಣು ನೆನೆಯಿತು, ರೋಬಸ್ಟಾ ಗಿಡದಲ್ಲಿ ಕೊಯ್ಯದ ಹಣ್ಣಿರುವಾಗಲೇ ಹೂ ಬಂತು. ಹಣ್ಣು ಕೀಳಹೋದರೆ ಹೂವಿಗೆ ಪೆಟ್ಟು, ಬಿಟ್ಟರೆ ಹಣ್ಣು ನೆಲದ ಪಾಲು.

ಅರೇಬಿಕಾದ ಕಷ್ಟ ಇನ್ನೊಂದು ಬಗೆಯದು. ಅದಕ್ಕೆ ೧೫ರಿಂದ ೨೫ ಡಿಗ್ರಿಯ ಹವೆ ಹಿತ. ನೆರಳು ಕಡಮೆಯಾಗಿ ಬಿಸಿಲು ಏರಿದರೆ ಬಿಳಿ ಕಾಂಡಕೊರಕ ಹುಳಕ್ಕೆ ಸುಗ್ಗಿ.

ಹೂಮಳೆಯನ್ನು ಪಂಪಿನಿಂದ ಸುರಿಸಿಕೊಳ್ಳುವ ಉಪಾಯ ಬಂದಿದೆ, ನಿಜ. ಆದರೆ ಅದಕ್ಕೆ ಕೆರೆ ಬೇಕು, ಆ ಬೇಸಗೆಯಲ್ಲಿ ಕೆರೆಯಲ್ಲಿ ನೀರಿರಬೇಕು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಬೆಳೆಯುವ ಕರ್ನಾಟಕದಲ್ಲಿ ಬೆಳೆಗಾರರ ಪೈಕಿ ಬಹುಮಂದಿ ಸಣ್ಣ ಹಿಡುವಳಿಯವರು. ಎರಡೆಕರೆಯವನು ಮಾರ್ಚಿಯ ಸಂಜೆ ಜಗಲಿಯಲ್ಲಿ ಕುಳಿತು, ನೆರೆಯ ದೊಡ್ಡ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುವ ಸದ್ದನ್ನು ಕೇಳುತ್ತ, ಆಕಾಶವನ್ನು ನೋಡುತ್ತಿರುತ್ತಾನೆ.