ಬೆನ್ನಿಗೆ ತಕ್ಕ ಹಿಡಿ ಯಾವಾಗ?

ನೊಗ ಮಾಡಿಸುವಾಗ ನಾವು ಎತ್ತಿನ ಕತ್ತು ನೋಡ್ತೇವೆ. ಬಡಗಿ ಪಕ್ಕ ಕೂತು, 'ಇಲ್ಲಿ ಇನ್ನೊಂಚೂರು ಕೆತ್ತಪ್ಪ, ಹೆಗಲು ಹುಣ್ಣಾಗ್ತದೆ' ಅಂತ ಹೇಳಿ ಸರಿ ಮಾಡಿಸ್ತೇವೆ. ಅದೇ ಕಳೆ ತೆಗೆಯುವ ಹೆಂಗಸಿಗೆ ಚನಿಕೆ ತರುವಾಗ ಸಂತೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದು ಬರ್ತೇವೆ. ಅವಳ ಎತ್ತರ ಎಷ್ಟು, ಅಂಗೈ ಎಷ್ಟು ಅಗಲ ಅಂತ ಯಾರೂ ಕೇಳೋದಿಲ್ಲ.

ಚನ್ನರಾಯಪಟ್ಟಣದ ಸುತ್ತ ರಾಗಿ ಹೊಲದಲ್ಲಿ ಕಳೆ ಬಿದ್ದಾಗ ನೋಡಿ. ಬೆಳಿಗ್ಗೆ ಬಗ್ಗಿದ ಬೆನ್ನು ಊಟದ ಹೊತ್ತಿಗೇ ಮೇಲೇಳೋದು. ಕೊಯ್ಲಿನಲ್ಲೂ ಇದೇ ಪಾಡು. ನಲವತ್ತು ದಾಟುವುದರೊಳಗೆ ಸೊಂಟ ಹಿಡಿದುಕೊಂಡು ನಡೆಯೋರು ಎಷ್ಟು ಜನ! 'ವಯಸ್ಸಾಯ್ತು' ಅಂತೇವೆ. ಆದರೆ ಅದರಲ್ಲಿ ಹಿಡಿಯ ಪಾಲೂ ಇದೆ.

ದೂರದ ಒಂದು ಸಂಗತಿ ಹೇಳ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತರಕಾರಿ ಹೊಲದ ಕೂಲಿಯವರಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಡ್ತಿದ್ದರು. ಗಿಡಕ್ಕೆ ಪೆಟ್ಟು ಬೀಳೋಲ್ಲ, ಕೆಲಸ ನಾಜೂಕು ಅನ್ನೋದು ಮಾಲೀಕರ ವಾದ. ಇನ್ನೊಂದು ಅನುಕೂಲವೂ ಇತ್ತು: ನೆಟ್ಟಗೆ ನಿಂತವನು ಕೆಲಸ ಮಾಡ್ತಿಲ್ಲ ಅಂತ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಬೆನ್ನು ಹೋದ ಕೂಲಿಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 1975ರಲ್ಲಿ ಆ ಗುದ್ದಲಿಯೇ ನಿಷೇಧವಾಯ್ತು. ಉದ್ದ ಹಿಡಿ ಬಂತು. ಬೆಳೆ ಏನೂ ಮುಳುಗಲಿಲ್ಲ.

ಇದಕ್ಕೆ ಇಂಗ್ಲಿಷಿನಲ್ಲಿ ಎರ್ಗನಾಮಿಕ್ಸ್ ಅನ್ನುವ ದೊಡ್ಡ ಹೆಸರಿದೆ. ಕೆಲಸವನ್ನು ಮೈಗೆ ಹೊಂದಿಸಬೇಕು, ಮೈಯನ್ನು ಕೆಲಸಕ್ಕಲ್ಲ, ಅಷ್ಟೇ ಅರ್ಥ. ನಮ್ಮ ದೇಶದಲ್ಲೂ ಈ ಅಳತೆ ನಡೆದಿದೆ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯವರು ಬೇರೆ ಬೇರೆ ರಾಜ್ಯಗಳ ಸಾವಿರಾರು ಕೃಷಿ ಕೆಲಸಗಾರರ ಮೈ ಅಳೆದು 2009ರಲ್ಲಿ ಪುಸ್ತಕ ತಂದರು. ಗಂಡಸಿನ ಸರಾಸರಿ ಎತ್ತರ ಸುಮಾರು 163 ಸೆಂ.ಮೀ., ಹೆಂಗಸಿನದು ಸುಮಾರು 151. ಹೆಂಗಸಿನ ಸರಾಸರಿ ತೂಕ 46 ಕಿಲೋ ಆಸುಪಾಸು. ಈಗ ಯೋಚಿಸಿ: 50 ಕಿಲೋ ಗೊಬ್ಬರದ ಮೂಟೆ ಅವಳಿಗಿಂತಲೂ ಭಾರ. ಯೂರಿಯಾ ಮೂಟೆ 2018ರಲ್ಲಿ 45 ಕಿಲೋಗೆ ಇಳಿಯಿತು, ಆದರೆ ಅದು ಯೂರಿಯಾ ಬಳಕೆ ತಗ್ಗಲಿ ಅಂತ, ನಮ್ಮ ಸೊಂಟ ನೆನೆದು ಅಲ್ಲ. ಬೆನ್ನಿಗೆ ಕಟ್ಟುವ 16 ಲೀಟರಿನ ಸ್ಪ್ರೇಯರ್ ತಗೊಳ್ಳಿ. ನೀರೇ 16 ಕಿಲೋ, ಡಬ್ಬದ ಭಾರ ಬೇರೆ. ಪಟ್ಟಿ ಬೆರಳಗಲದ್ದು, ಹೆಗಲಿಗೆ ಹಗ್ಗದ ಹಾಗೆ ಕೊರೆಯುತ್ತೆ. ಅಗಲದ ಪಟ್ಟಿ ಹಾಕಲು ಕಂಪನಿಗಳಿಗೆ ಎಷ್ಟು ಖರ್ಚಾದೀತು?

ಕಾಯಿ ಸುಲಿಯೋದೂ ಹಾಗೆಯೇ. ನೆಲಕ್ಕೆ ನೆಟ್ಟ ಹಾರೆಯ ಎತ್ತರ ಒಬ್ಬನಿಗೆ ಸರಿಯಾದರೆ ಇನ್ನೊಬ್ಬನಿಗೆ ಗಿಡ್ಡ. ಸಾವಿರದ ಲೆಕ್ಕದಲ್ಲಿ ಸುಲಿಯೋನಿಗೆ ಪ್ರತಿ ಕಾಯಿಗೂ ಒಂದು ಸಲ ಬಗ್ಗೋದು ಅಂದರೆ ದಿನಕ್ಕೆ ಎಷ್ಟಾಯ್ತು, ನೀವೇ ಗುಣಿಸಿ. ಕೇರಳ ಕೃಷಿ ವಿಶ್ವವಿದ್ಯಾಲಯದವರು ಸನ್ನೆಗೋಲಿನ 'ಕೇರಮಿತ್ರ' ಮಾಡಿದ್ದಾರೆ. ಮನೆ ಬಳಕೆಗೆ ಸೊಗಸು. ಸಾವಿರಗಟ್ಟಲೆ ಸುಲಿಯುವ ಪಳಗಿದ ಕೈಗೆ ಅದು ನಿಧಾನ ಅನ್ನಿಸೋದು ಸಹಜ. ಅಂಥವನಿಗೆ ಹಾರೆಯನ್ನೇ ಅವನ ಎತ್ತರಕ್ಕೆ ಏರಿಸಿ ಇಳಿಸುವಂತೆ ಕಬ್ಬಿಣದ ಪಾದ ಮಾಡಿಸೋದು ಮೇಲು.

ಚಕ್ರದ ಎಡೆಕುಂಟೆ ತಂದರೆ ನಿಂತೇ ಕಳೆ ತೆಗೀಬಹುದು. ಆದರೆ ಚೆಲ್ಲಿದ ರಾಗಿಯಲ್ಲಿ ಅದು ಓಡೋಲ್ಲ, ಕೂರಿಗೆ ಸಾಲು ಬೇಕು. ಮಳೆ ಬಿದ್ದ ಮೇಲೆ ಹದ ಇರುವ ಎರಡು ಮೂರು ದಿನದಲ್ಲೇ ಮುಗಿಸಬೇಕು. ಕೆಂಪು ನೆಲ ಗಟ್ಟಿಯಾದ ಮೇಲೆ ತಳ್ಳಿದರೆ ಸೊಂಟದ ನೋವು ತೋಳಿಗೆ ಬರ್ತದೆ, ಅಷ್ಟೆ. ಇನ್ನೊಂದು ಮಾತು, ಇದು ನನಗೆ ಹೆಚ್ಚು ಕಾಡೋದು: ಸಾಧನ ಬಂದ ದಿನ ಅದನ್ನು ಗಂಡಸಿನ ಕೈಗೆ ಕೊಟ್ಟು, ಹೆಂಗಸಿನ ಕೂಲಿ ತಪ್ಪಿಸ್ತೇವೆ. ಬಗ್ಗುವ ಕೆಲಸವಿದ್ದಾಗ ಅವಳು, ನಿಲ್ಲುವ ಕೆಲಸ ಬಂದಾಗ ಅವನು. ಇದು ನ್ಯಾಯವೇ?

ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ 2014-15ರಲ್ಲಿ ಶುರುವಾಯ್ತು. ಟ್ರ್ಯಾಕ್ಟರ್, ರೋಟವೇಟರ್ ಇರಲಿ. ಅಂಥ ಕಡೆ ಹತ್ತು ಎಡೆಕುಂಟೆ, ಹಲ್ಲಿರುವ ಹಗುರ ಕುಡ್ಲು ಕೂಡ ಇಡಬೇಕು. ಅರ್ಧ ಎಕರೆಯವನಿಗೆ ಬೇಕಾದ್ದು ಅದೇ. ಹಾಲಿನ ಡೇರಿ ಇರುವ ಊರಿನಲ್ಲಿ ಹೆಂಗಸರ ಸಂಘವೇ ಇಟ್ಟುಕೊಂಡರೆ ಇನ್ನೂ ಚೆನ್ನ, ಯಾರ ಕೈಗೆ ಕೊಡಬೇಕು ಅನ್ನೋದು ಅವರೇ ತೀರ್ಮಾನ ಮಾಡ್ತಾರೆ.

ಅಲ್ಲಿವರೆಗೆ ಒಂದು ಕೆಲಸ ಮಾಡಬಹುದು. ಎಡೆಕುಂಟೆ ಕೊಳ್ಳುವಾಗ ಅದನ್ನು ತಳ್ಳುವವಳನ್ನೇ ಅಂಗಡಿಗೆ ಕರೆದೊಯ್ಯಿರಿ. ಹಿಡಿ ಅವಳ ಸೊಂಟಕ್ಕೂ ಮೊಣಕೈಗೂ ನಡುವೆ ಬರಬೇಕು. ಬರದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಕೊಳವೆಗೆ ಎರಡೆರಡು ಇಂಚಿಗೊಂದರಂತೆ ಮೂರು ತೂತು ಹೊಡೆಸಿ, ಬೋಲ್ಟ್ ಹಾಕಿಸಿ. ಅತ್ತೆಗೂ ಸೊಸೆಗೂ ಒಂದೇ ಕುಂಟೆ ಸಾಕು. ಹೀಗೆ ಮಾಡಿಸಿ ಒಂದು ಹಂಗಾಮು ಓಡಿಸಿದವರಿದ್ದರೆ ಪತ್ರಿಕೆಗೆ ಬರೆಯಿರಿ, ತೂತಿನ ಅಳತೆ ಸಮೇತ.